ಮ್ಯೂಆನ್ ಅಂದರೆ ಏನು? ಘಟ್ಟದ ಮೇಲೂ ಕೆಳಗೂ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾರವಾರದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವ ಮಾಸ್ತರ. ಊರು ಶಿರಸಿ ಕಡೆ. ಬಿಡುವಿದ್ದಾಗ ಒಂದು ಗಾಜಿನ ಡಬ್ಬಿ ಹೊತ್ತುಕೊಂಡು ಶಾಲೆಗಳಿಗೆ ಹೋಗುತ್ತೇನೆ. ಆ ಡಬ್ಬಿಯೊಳಗೆ ಮ್ಯೂಆನ್ ಹಾದುಹೋದ ಗೆರೆ ತೋರಿಸುತ್ತೇನೆ. ಆಮೇಲೆ ಬರುವ ಪ್ರಶ್ನೆಗಳು ಅಂಕೋಲೆಯಲ್ಲೂ ಸಿದ್ದಾಪುರದಲ್ಲೂ ಹೆಚ್ಚುಕಮ್ಮಿ ಅವೇ. ಪ್ರತಿ ಸಲ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಮ್ಯೂಆನ್ ಅಂದರೆ ಏನು? ಉದ್ದ ಬೇಡ, ಚಿಕ್ಕದಾಗಿ ಹೇಳಿ.

ಎಲೆಕ್ಟ್ರಾನಿನ ದಪ್ಪ ಅಣ್ಣ. ಎಲೆಕ್ಟ್ರಾನಿಗೆ ಎಷ್ಟು ಋಣ ವಿದ್ಯುತ್ತು ಇದೆಯೋ ಇದಕ್ಕೂ ಅಷ್ಟೇ. ತೂಕ ಮಾತ್ರ ಸುಮಾರು 207 ಪಟ್ಟು. ಇನ್ನೊಂದು ವ್ಯತ್ಯಾಸ ಆಯುಷ್ಯದ್ದು. ಎಲೆಕ್ಟ್ರಾನ್ ಸಾಯುವುದಿಲ್ಲ. ಮ್ಯೂಆನ್ ಸರಾಸರಿ 2.2 ಮೈಕ್ರೊಸೆಕೆಂಡ್ ಬದುಕುತ್ತದೆ. ಅಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲಿ ಎರಡು ಚೂರು ಚಿಲ್ಲರೆ. ಆಮೇಲೆ ಒಂದು ಎಲೆಕ್ಟ್ರಾನ್ ಮತ್ತು ಎರಡು ನ್ಯೂಟ್ರಿನೊಗಳಾಗಿ ಒಡೆದುಹೋಗುತ್ತದೆ. ನ್ಯೂಟ್ರಿನೊ ಅಂದರೆ ವಿದ್ಯುತ್ತೇ ಇಲ್ಲದ, ತೂಕ ಇಲ್ಲವೇ ಇಲ್ಲ ಅನ್ನುವಷ್ಟು ಹಗುರಾದ ಕಣ. ಸರಿಯಾಗಿ ಹೇಳಬೇಕೆಂದರೆ ಆ ಎರಡರಲ್ಲಿ ಒಂದು ನ್ಯೂಟ್ರಿನೊ, ಇನ್ನೊಂದು ಪ್ರತಿ-ನ್ಯೂಟ್ರಿನೊ.

ಧನ ವಿದ್ಯುತ್ತಿನ ಮ್ಯೂಆನ್ ಕೂಡ ಇದೆ. ಅದಕ್ಕೆ ಪ್ರತಿ-ಮ್ಯೂಆನ್ ಅನ್ನುತ್ತಾರೆ. ಆಕಾಶದಿಂದ ಎರಡೂ ಬೀಳುತ್ತವೆ. ಮಾತಿನಲ್ಲಿ ಎರಡಕ್ಕೂ ಮ್ಯೂಆನ್ ಅಂದರೆ ಯಾರೂ ಬೈಯುವುದಿಲ್ಲ.

ಇದು ಕೈಗಾದಿಂದ ಬರುವುದಾ?

ಕೈಗಾ ಅಣು ವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ, ಹಾಗಾಗಿ ಈ ಪ್ರಶ್ನೆ ಬರದೆ ಕಾರವಾರದಲ್ಲಿ ಒಂದು ಕಾರ್ಯಕ್ರಮವೂ ಮುಗಿದಿಲ್ಲ. ಒಮ್ಮೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಪಾಲಕರೊಬ್ಬರು ಎದ್ದು ನಿಂತು, "ಮಾಸ್ತರೇ, ಅದು ಇದು ಹೇಳುವುದು ಬೇಡ, ಕೈಗಾದ್ದು ಹೌದೋ ಅಲ್ಲವೋ ಅಷ್ಟು ಹೇಳಿ" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಅಲ್ಲ. ಒಂದೇ ಒಂದು ಮ್ಯೂಆನ್ ಕೂಡ ಕೈಗಾದ್ದಲ್ಲ. ಹಾಗೆ ಖಾತ್ರಿಯಾಗಿ ಹೇಳಲು ಕಾರಣ ಇದೆ.

ಕಣಗಳ ಲೋಕದಲ್ಲಿ ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಅಳೆಯುತ್ತಾರೆ. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಸೇರಿದರೆ ಒಂದು ಎಂಇವಿ. ಒಂದು ಮ್ಯೂಆನ್ ಹುಟ್ಟಬೇಕಾದರೆ ಬರೀ ಅದರ ತೂಕಕ್ಕೇ 105.7 ಎಂಇವಿ ಬೇಕು. ಕೈಗಾದಲ್ಲಿ ಒಂದು ಯುರೇನಿಯಂ ಪರಮಾಣುವಿನ ಬೀಜ, ಅಂದರೆ ನ್ಯೂಕ್ಲಿಯಸ್, ಒಡೆದಾಗ ಸುಮಾರು 200 ಎಂಇವಿ ಬಿಡುಗಡೆ ಆಗುತ್ತದೆ. "ಹಾಗಾದರೆ ಸಾಕಲ್ವಾ?" ಅನ್ನಬಹುದು. ಸಾಲುವುದಿಲ್ಲ. ಆ ಶಕ್ತಿಯ ಬಹುಪಾಲನ್ನು ಒಡೆದ ಎರಡು ತುಂಡುಗಳು ಹಂಚಿಕೊಂಡು, ಇಂಧನದೊಳಗೇ ಅಕ್ಕಪಕ್ಕದ ಪರಮಾಣುಗಳಿಗೆ ಢಿಕ್ಕಿ ಹೊಡೆಯುತ್ತಾ ಶಾಖವಾಗಿ ಮುಗಿಸಿಬಿಡುತ್ತವೆ. ಆ ಶಾಖದಿಂದಲೇ ನಮಗೆ ಕರೆಂಟ್. ಉಳಿದ ಬೀಟಾ, ಗಾಮಾ ಕಿರಣಗಳ ಕೈಯಲ್ಲಿ ಇರುವುದು ಕೆಲವೇ ಎಂಇವಿ. ಮದುವೆ ಮನೆಯಲ್ಲಿ ಒಟ್ಟು ಖರ್ಚು ಎರಡು ಲಕ್ಷ ಅಂದ ಮಾತ್ರಕ್ಕೆ ಯಾರ ಜೇಬಿನಲ್ಲೂ ಒಟ್ಟಿಗೆ ಒಂದು ಲಕ್ಷ ಇರುವುದಿಲ್ಲ. ಇದೂ ಹಾಗೇ. ಮ್ಯೂಆನ್ ಕೊಳ್ಳುವಷ್ಟು ಗಂಟು ಅಲ್ಲಿ ಒಂದು ಕಡೆ ಕೂಡುವುದೇ ಇಲ್ಲ.

ಕೈಗಾದಿಂದ ನಿಜವಾಗಿ ಹೊರಬರುವ ಒಂದು ಕಣ ಇದೆ. ಅದು ಎಲೆಕ್ಟ್ರಾನ್ ಪ್ರತಿ-ನ್ಯೂಟ್ರಿನೊ. ಒಂದು ಬೀಜ ಒಡೆದರೆ ಆರರಷ್ಟು. 220 ಮೆಗಾವಾಟ್‌ನ ನಾಲ್ಕು ಘಟಕ ಅಲ್ಲಿವೆ. ಮೊದಲನೆಯದು 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ಆಗಿನ ವಿಶ್ವ ದಾಖಲೆ ಮಾಡಿತು. ಅಷ್ಟೂ ದಿನ ಪ್ರತಿ-ನ್ಯೂಟ್ರಿನೊಗಳು ಗೋಡೆ, ಗುಡ್ಡ, ಕಾಳಿ ನದಿ, ನಾವು ನೀವು ಎಲ್ಲದರ ಮೂಲಕ ಹಾದುಹೋಗಿವೆ. ಅವಕ್ಕೆ ನಾವು ಇದ್ದದ್ದೂ ಗೊತ್ತಾಗಿಲ್ಲ. ನನ್ನ ಡಬ್ಬಿಗೂ ಅವು ಸಿಗುವುದಿಲ್ಲ.

ಹಾಗಾದರೆ ಎಲ್ಲಿಂದ ಬರುತ್ತದೆ?

ಮೇಲಿನಿಂದ. ಬಾಹ್ಯಾಕಾಶದಿಂದ ಭಾರೀ ವೇಗದ ಪ್ರೋಟಾನ್‌ಗಳು ಹಗಲು ರಾತ್ರಿ ಬಂದು ನಮ್ಮ ವಾತಾವರಣಕ್ಕೆ ಬಡಿಯುತ್ತವೆ. ಇವಕ್ಕೆ ಕಾಸ್ಮಿಕ್ ಕಿರಣ ಅಥವಾ ವಿಶ್ವಕಿರಣ ಎಂದು ಹೆಸರು. ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಬೀಜಗಳಿಗೆ ಢಿಕ್ಕಿಯಾಗಿ ಪಯಾನ್ ಎಂಬ ಕಣಗಳು ಹುಟ್ಟುತ್ತವೆ. ಪಯಾನ್ ಮ್ಯೂಆನಿಗಿಂತ ಅಲ್ಪಾಯು. ಕಣ್ಣು ಮಿಟುಕಿಸುವುದರ ಎಷ್ಟೋ ಲಕ್ಷದಲ್ಲಿ ಒಂದು ಪಾಲಿನಲ್ಲಿ ಅದು ಒಡೆದು ಮ್ಯೂಆನ್ ಆಗುತ್ತದೆ. ಆ ಮ್ಯೂಆನ್ ಕೆಳಗೆ ಬೀಳುತ್ತದೆ.

ಲೆಕ್ಕ ಹೀಗಿದೆ: ಸಮುದ್ರ ಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ಅಂಗೈ ಚಾಚಿ ಹಿಡಿದರೆ ಸೆಕೆಂಡಿಗೆ ಒಂದೆರಡು ಹಾದುಹೋಗುತ್ತವೆ.

ಕಾರವಾರದವರಿಗಾಗಿ ಒಂದು ಹೆಚ್ಚಿನ ಮಾತು. ಓರೆಯಾಗಿ ಬರುವ ಮ್ಯೂಆನ್‌ಗಳಲ್ಲಿ ಪಶ್ಚಿಮದ ಕಡೆಯಿಂದ, ಅಂದರೆ ನಮ್ಮ ಕಡಲ ಕಡೆಯಿಂದ ಬರುವವು ಸ್ವಲ್ಪ ಜಾಸ್ತಿ. ಕಡಲಿಗೂ ಇದಕ್ಕೂ ಸಂಬಂಧ ಇಲ್ಲ. ಬರುವ ಪ್ರೋಟಾನ್‌ಗಳದ್ದು ಧನ ವಿದ್ಯುತ್ತು. ಭೂಮಿಯ ಕಾಂತಬಲ ಅವನ್ನು ಬಾಗಿಸುವ ರೀತಿಯಿಂದ ಪಶ್ಚಿಮದ ದಾರಿ ಸುಲಭ, ಪೂರ್ವದ ದಾರಿ ಕಷ್ಟ. ಈ ವ್ಯತ್ಯಾಸವನ್ನು 1933ರಲ್ಲಿ ಮೆಕ್ಸಿಕೊದಲ್ಲಿ ಅಳೆದರು. ವಿಶ್ವಕಿರಣದ ಹೆಚ್ಚಿನ ಪಾಲಿಗೆ ಧನ ವಿದ್ಯುತ್ತು ಇದೆ ಎಂದು ಗೊತ್ತಾಗಿದ್ದು ಅದರಿಂದಲೇ.

ಕನ್ನಡದಲ್ಲಿ ಹೇಗೆ ಬರೆಯಬೇಕು? ಮ್ಯೂಆನ್, ಮ್ಯೂಯಾನ್, ಮ್ಯುವಾನ್?

ಮೂರನ್ನೂ ನೋಡಿದ್ದೇನೆ. ನಾನು ಮ್ಯೂಆನ್ ಬರೆಯುತ್ತೇನೆ. "ಮ್ಯೂ" ಎಂಬ ಗ್ರೀಕ್ ಅಕ್ಷರ, ಅದಕ್ಕೆ "ಆನ್" ಬಾಲ, ಎರಡೂ ಬಿಡಿಬಿಡಿಯಾಗಿ ಕಾಣುತ್ತವೆ ಅನ್ನುವ ಕಾರಣಕ್ಕೆ. ಪದದ ನಡುವೆ ಸ್ವರ ಬಂದರೆ ಕನ್ನಡದ ಕಣ್ಣಿಗೆ ಒಂಥರಾ ಕಾಣುವುದು ನಿಜ. ಬಾಯಲ್ಲಿ ಹೇಳುವಾಗ ಯಕಾರ ತಾನಾಗಿ ನುಸುಳುತ್ತದೆ, ಹಾಗಾಗಿ ಮ್ಯೂಯಾನ್ ಬರೆದರೂ ತಪ್ಪಲ್ಲ. ಒಂದು ಬರಹದಲ್ಲಿ ಒಂದೇ ರೂಪ ಇಟ್ಟುಕೊಳ್ಳಿ, ಅಷ್ಟು ಸಾಕು. ಚಿಕ್ಕ ಮಕ್ಕಳಂತೂ "ಮಿಯಾಂವ್" ಎಂದೇ ಕರೆಯುವುದು. ನಾನು ತಿದ್ದಲು ಹೋಗುವುದಿಲ್ಲ.

"ಮ್ಯೂಆನ್ ಕಣ" ಎಂದು ಬರೆಯಬೇಕಾ? ಮೊದಲ ಸಲ ಬರುವಾಗ ಬರೆದರೆ ಓದುವವರಿಗೆ ಅನುಕೂಲ. ಆಮೇಲೆ "ಕಣ" ಬೇಡ. "ಮ್ಯೂಆನ್ ಕಿರಣ" ಮಾತ್ರ ಬೇಡವೇ ಬೇಡ. ಕಿರಣ ಅಂದರೆ ಜನ ಎಕ್ಸ್‌ರೇ ನೆನೆಸಿಕೊಳ್ಳುತ್ತಾರೆ.

ಈ ಹೆಸರು ಎಲ್ಲಿಂದ ಬಂತು?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಇಷ್ಟು ಸಲ ಹೆಸರು ಬದಲಿಸಿಕೊಂಡ ಕಣ ಇನ್ನೊಂದಿಲ್ಲ ಅನ್ನಿಸುತ್ತದೆ.

1935ರಲ್ಲಿ ಜಪಾನಿನ ಹಿದೆಕಿ ಯುಕಾವಾ ಒಂದು ಲೆಕ್ಕ ಹಾಕಿದರು. ಪರಮಾಣು ಬೀಜದೊಳಗೆ ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಅಂಟಿಸಿ ಹಿಡಿಯಲು ಒಂದು ಕಣ ಬೇಕು, ಅದರ ತೂಕ ಎಲೆಕ್ಟ್ರಾನಿನ 200 ಪಟ್ಟಿನ ಆಸುಪಾಸು ಇರಬೇಕು ಅಂತ. ಮರುವರ್ಷವೇ ಅಮೆರಿಕದಲ್ಲಿ ಕಾರ್ಲ್ ಆಂಡರ್ಸನ್ ಮತ್ತು ಸೆತ್ ನೆಡ್ಡರ್‌ಮೇಯರ್ ವಿಶ್ವಕಿರಣಗಳಲ್ಲಿ ಸರಿಸುಮಾರು ಅದೇ ತೂಕದ ಕಣ ಕಂಡರು. ಹುಡುಗಿ ನೋಡಲು ಹೊರಟವರಿಗೆ ದಾರಿಯಲ್ಲೇ ಯಾರೋ ಸಿಕ್ಕ ಹಾಗೆ. ಎಲ್ಲರೂ ಇದೇ ಯುಕಾವಾ ಹೇಳಿದ ಕಣ ಅಂದುಕೊಂಡರು.

ಹೆಸರು ಇಡಬೇಕಲ್ಲ. ಎಲೆಕ್ಟ್ರಾನಿಗೂ ಪ್ರೋಟಾನಿಗೂ ನಡುವಿನ ತೂಕ, ಗ್ರೀಕಿನಲ್ಲಿ "ಮೆಸೊ" ಅಂದರೆ ನಡು. ಹಾಗಾಗಿ ಆಂಡರ್ಸನ್ ಕಡೆಯವರು "ಮೆಸೊಟಾನ್" ಅಂದರು. ಅವರ ಹಿರಿಯರು ರಾಬರ್ಟ್ ಮಿಲಿಕನ್. "ಎಲೆಕ್ಟ್ರಾನ್, ನ್ಯೂಟ್ರಾನ್‌ಗಳಲ್ಲಿ ಟಕಾರಕ್ಕೆ ರಕಾರದ ಒತ್ತು ಇದೆ, ಇದಕ್ಕೂ ಇರಲಿ" ಎಂದು ಅವರ ಹಟ. ಪ್ರೋಟಾನ್‌ನಲ್ಲಿ ಅದು ಇಲ್ಲವಲ್ಲ ಎಂದು ಆಂಡರ್ಸನ್ ವಾದ. ಹಿರಿಯರ ಮಾತು ನಡೆಯಿತು. ಹೆಸರು "ಮೆಸೊಟ್ರಾನ್" ಆಯಿತು.

ಇದನ್ನು ತಿದ್ದಿದವರು ನಮ್ಮ ಹೋಮಿ ಭಾಭಾ. 1939ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆಯುತ್ತಾ, ನ್ಯೂಟ್ರಾನ್, ಎಲೆಕ್ಟ್ರಾನ್‌ಗಳಲ್ಲಿ ಆ ಒತ್ತಕ್ಷರ ಮೂಲ ಪದದಲ್ಲೇ ಇದೆ, "ಮೆಸೊ"ದಲ್ಲಿ ಇಲ್ಲ, ಹಾಗಾಗಿ "ಮೀಸಾನ್" ಸಾಕು ಎಂದರು. ವ್ಯಾಕರಣದ ಮಾಸ್ತರ ಕೆಂಪು ಶಾಯಿ ಎಳೆದ ಹಾಗೆ. ಅದೇ ವರ್ಷ ರಜೆಗೆ ಊರಿಗೆ ಬಂದಿದ್ದ ಭಾಭಾ, ಯುದ್ಧ ಶುರುವಾಗಿ ವಾಪಸು ಹೋಗಲಾಗದೆ ಬೆಂಗಳೂರಿನಲ್ಲಿ ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ವಿಶ್ವಕಿರಣಗಳ ಕೆಲಸವನ್ನು ಅಲ್ಲೇ ಮುಂದುವರಿಸಿದರು.

ಹೆಸರು ಸರಿಯಾಯಿತು, ಕಣ ಮಾತ್ರ ತಪ್ಪಿತ್ತು. ಯುಕಾವಾ ಕಣ ಆಗಿದ್ದರೆ ಅದು ಪರಮಾಣು ಬೀಜ ಕಂಡ ಕೂಡಲೇ ಅಂಟಿಕೊಳ್ಳಬೇಕಿತ್ತು. ಯುದ್ಧದ ಕಾಲದಲ್ಲಿ ರೋಮ್ ನಗರದಲ್ಲಿ ಕೂತು ಮೂವರು ಇಟಲಿಯವರು ಶುರು ಮಾಡಿ, ಯುದ್ಧ ಮುಗಿದ ಮೇಲೆ ಪೂರೈಸಿದ ಪ್ರಯೋಗದಲ್ಲಿ ಇದು ಬೀಜವನ್ನು ಕ್ಯಾರೇ ಅನ್ನಲಿಲ್ಲ. 1947ರಲ್ಲಿ ಸೆಸಿಲ್ ಪವೆಲ್ ಅವರ ತಂಡಕ್ಕೆ ಫೋಟೊ ಪ್ಲೇಟುಗಳ ಮೇಲೆ ಎರಡು ಗೆರೆ ಕೂಡಿಕೊಂಡಿದ್ದು ಕಂಡಿತು. ಒಂದು ಕಣ ಬಂದು ನಿಂತು ಇನ್ನೊಂದಾಗಿ ಒಡೆದಿತ್ತು. ಮೊದಲಿನದಕ್ಕೆ "ಪೈ", ಎರಡನೆಯದಕ್ಕೆ "ಮ್ಯೂ" ಎಂದು ಗ್ರೀಕ್ ಅಕ್ಷರ ಕೊಟ್ಟರು. ಪೈ ಎಂಬುದೇ ಯುಕಾವಾ ಹೇಳಿದ ಕಣ. ಆಂಡರ್ಸನ್‌ಗೆ ಸಿಕ್ಕಿದ್ದು ಮ್ಯೂ. ಪೈ ಮೀಸಾನ್ ಕುಗ್ಗಿ ಪಯಾನ್ ಆಯಿತು, ಮ್ಯೂ ಮೀಸಾನ್ ಕುಗ್ಗಿ ಮ್ಯೂಆನ್ ಆಯಿತು.

ಪವೆಲ್‌ಗಿಂತ ಮೊದಲೇ ಕಲ್ಕತ್ತದಲ್ಲಿ ಬಿಭಾ ಚೌಧುರಿ ಮತ್ತು ಡಿ.ಎಂ. ಬೋಸ್ ಹಿಮಾಲಯದ ಎತ್ತರದಲ್ಲಿ ಫೋಟೊ ಪ್ಲೇಟುಗಳನ್ನಿಟ್ಟು ಇದೇ ದಾರಿಯಲ್ಲಿ ಹೊರಟಿದ್ದರು. ಯುದ್ಧದಿಂದಾಗಿ ಅವರಿಗೆ ಒಳ್ಳೆಯ ಪ್ಲೇಟುಗಳು ಸಿಗಲಿಲ್ಲ. 1950ರ ನೊಬೆಲ್ ಪವೆಲ್‌ಗೆ ಹೋಯಿತು. ಈ ಭಾಗ ಹೇಳುವಾಗ ಹೆಣ್ಣುಮಕ್ಕಳು ತಲೆ ಎತ್ತಿ ಕೇಳುತ್ತಾರೆ. ಹಾಗಾಗಿ ನಾನು ಇದನ್ನು ಬಿಡುವುದೇ ಇಲ್ಲ.

ಹಳೆಯ ಪುಸ್ತಕದಲ್ಲಿ "ಮ್ಯೂ ಮೀಸಾನ್" ಅಂತಿದೆ. ಪರೀಕ್ಷೆಯಲ್ಲಿ ಹಾಗೇ ಬರೆಯಬಹುದಾ?

ಬರೆಯಬೇಡಿ. ಈಗ ಮೀಸಾನ್ ಅಂದರೆ ಒಂದು ಕ್ವಾರ್ಕ್, ಒಂದು ಪ್ರತಿ-ಕ್ವಾರ್ಕ್ ಸೇರಿ ಆದ ಕಣ. ಕ್ವಾರ್ಕ್ ಅಂದರೆ ಪ್ರೋಟಾನ್, ನ್ಯೂಟ್ರಾನ್‌ಗಳ ಒಳಗಿರುವ ಮೂಲ ಕಣ. ತೂಕ ಎಷ್ಟಿದೆ ಅನ್ನುವುದು ಲೆಕ್ಕಕ್ಕಿಲ್ಲ. ಪ್ರೋಟಾನಿಗಿಂತ ಭಾರವಾದ ಮೀಸಾನ್‌ಗಳೂ ಇವೆ. ಮ್ಯೂಆನ್‌ನೊಳಗೆ ಕ್ವಾರ್ಕ್ ಇಲ್ಲ. ಅದನ್ನು ಒಡೆದು ನೋಡಿದರೆ ಒಳಗೆ ಇನ್ನೇನೋ ಇದೆ ಎಂದು ಇದುವರೆಗೆ ಕಂಡಿಲ್ಲ. ಮೀಸಾನ್ ಎಂಬ ಹೆಸರು ಹುಟ್ಟಿದ್ದು ಇದಕ್ಕಾಗಿ, ಕೊನೆಗೆ ಆ ಗುಂಪಿನಿಂದ ಹೊರಬಿದ್ದದ್ದೂ ಇದೇ.

ಮತ್ತೆ ಯಾವ ಗುಂಪಿಗೆ ಸೇರುತ್ತದೆ?

ಲೆಪ್ಟಾನ್. ಎಲೆಕ್ಟ್ರಾನ್, ಮ್ಯೂಆನ್, ಟಾವ್ ಮೂವರು ಅಣ್ಣತಮ್ಮಂದಿರು, ಒಬ್ಬೊಬ್ಬರಿಗೂ ಒಂದೊಂದು ನ್ಯೂಟ್ರಿನೊ. ಗ್ರೀಕಿನಲ್ಲಿ ಲೆಪ್ಟಾನ್ ಅಂದರೆ ಸಣ್ಣದು, ಹಗುರ. ಆದರೆ 1975ರ ಹೊತ್ತಿಗೆ ಸಿಕ್ಕ ಟಾವ್ ಪ್ರೋಟಾನಿನ ಎರಡರಷ್ಟು ಭಾರ. ಈ ಮನೆತನಕ್ಕೆ ಹೆಸರಿನ ಅದೃಷ್ಟವೇ ಇಲ್ಲ.

ಯುಕಾವಾ ಕಣ ಬೇರೆ, ಇದು ಬೇರೆ ಎಂದಾಗ ವಿಜ್ಞಾನಿ ಐಸಿಡೋರ್ ರಾಬಿ "ಇದನ್ನು ಆರ್ಡರ್ ಮಾಡಿದ್ದು ಯಾರು?" ಎಂದು ಕೇಳಿದರಂತೆ. ಖಾನಾವಳಿಯಲ್ಲಿ ಊಟ ಹೇಳಿ ಕೂತವನ ಮುಂದೆ ಹೇಳದ ಪ್ಲೇಟು ತಂದಿಟ್ಟರೆ ಕೇಳುವ ಪ್ರಶ್ನೆ. ಎಲೆಕ್ಟ್ರಾನಿಗೆ ಯಾಕೆ ಈ ದಪ್ಪ ಅಣ್ಣ ಬೇಕಿತ್ತು ಅನ್ನುವುದಕ್ಕೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಆಯುಷ್ಯ 2.2 ಮೈಕ್ರೊಸೆಕೆಂಡ್ ಅಂದಿರಿ. ಅಷ್ಟರಲ್ಲಿ 15 ಕಿಲೋಮೀಟರ್ ಹೇಗೆ ಇಳಿಯಿತು?

ಭೇಷ್. ಈ ಪ್ರಶ್ನೆ ಕೇಳಿದ ಮಕ್ಕಳಿಗೆ ನಾನು ಪೆನ್ನು ಕೊಡುತ್ತೇನೆ.

ಬೆಳಕಿನ ವೇಗದಲ್ಲೇ ಓಡಿದರೂ 2.2 ಮೈಕ್ರೊಸೆಕೆಂಡಿನಲ್ಲಿ ದಾಟುವುದು 660 ಮೀಟರ್. ನಮ್ಮ ಶಿರಸಿ ಪೇಟೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಅಂದರೆ ಶಿರಸಿಯ ಎತ್ತರದಲ್ಲಿ ಹುಟ್ಟಿದ ಮ್ಯೂಆನ್ ನೆಟ್ಟಗೆ ಇಳಿದು ಕಾರವಾರದ ಮರಳು ಮುಟ್ಟುವಷ್ಟರಲ್ಲಿ ಸರಾಸರಿ ಆಯುಷ್ಯ ಹತ್ತಿರ ಹತ್ತಿರ ಮುಗಿದಿರಬೇಕು. 15 ಕಿಲೋಮೀಟರ್ ಅಂದರೆ ಅಂಥ ಇಪ್ಪತ್ತೈದು ಘಟ್ಟ ಒಂದರ ಮೇಲೊಂದು ಇಟ್ಟ ಹಾಗೆ. ಸುಮ್ನೆ ಲೆಕ್ಕ ಹಾಕಿದರೆ ಸಾವಿರ ಕೋಟಿ ಹೊರಟರೆ ಒಂದೋ ಎರಡೋ ತಲುಪಬೇಕು. ಆದರೆ ಅಂಗೈ ಮೇಲೆ ಸೆಕೆಂಡಿಗೆ ಒಂದೆರಡು ಬೀಳುತ್ತಿವೆ.

ಇಲ್ಲಿ ಐನ್‌ಸ್ಟೈನ್ ಬರಬೇಕು. ಬೆಳಕಿನ ವೇಗಕ್ಕೆ ಹತ್ತಿರ ಓಡುವ ವಸ್ತುವಿನ ಗಡಿಯಾರ, ನಿಂತು ನೋಡುವ ನಮ್ಮ ಲೆಕ್ಕದಲ್ಲಿ ನಿಧಾನ. ನಮ್ಮ ಗಡಿಯಾರದಲ್ಲಿ ಆ ಪಯಣಕ್ಕೆ 50 ಮೈಕ್ರೊಸೆಕೆಂಡ್. ಮ್ಯೂಆನಿನ ಸ್ವಂತ ಗಡಿಯಾರದಲ್ಲಿ ಒಂದೋ ಒಂದೂವರೆಯೋ. ಅದಕ್ಕಿನ್ನೂ ವಯಸ್ಸೇ ಆಗಿರುವುದಿಲ್ಲ. ಇದನ್ನೇ ಮ್ಯೂಆನ್ ಕಡೆಯಿಂದ ನೋಡಿದರೆ, ಎದುರಿಗೆ ಓಡಿಬರುವ ವಾತಾವರಣವೇ ಕುಗ್ಗಿ ಕೆಲವು ನೂರು ಮೀಟರ್ ದಪ್ಪ ಆಗಿರುತ್ತದೆ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಕೆಳಗೆ ತಲುಪುವ ಎಣಿಕೆ ಒಂದೇ.

ಇಂಥ ಕಣಗಳು ಹಾರುತ್ತಲೇ ಒಡೆಯುವಾಗ ಕಾಲ ಹಿಗ್ಗುವುದನ್ನು ಕಾಣಬಹುದು ಎಂದು 1938ರಲ್ಲೇ ಬರೆದವರೂ ಭಾಭಾ. 1963ರಲ್ಲಿ ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ಲೆಕ್ಕ ಪ್ರಕಟವಾಯಿತು. ಸುಮಾರು 1,900 ಮೀಟರ್ ಎತ್ತರದಲ್ಲಿ, ಒಂದೇ ಬಗೆಯ ವೇಗದ ಮ್ಯೂಆನ್‌ಗಳನ್ನು ಆರಿಸಿ ಎಣಿಸಿದಾಗ ಗಂಟೆಗೆ 560ರ ಆಸುಪಾಸು. ಗಡಿಯಾರ ನಿಧಾನ ಆಗದಿದ್ದರೆ ಸಮುದ್ರ ಮಟ್ಟಕ್ಕೆ 27 ಉಳಿಯಬೇಕಿತ್ತು. ಸಿಕ್ಕಿದ್ದು 400ಕ್ಕೂ ಜಾಸ್ತಿ.

ಅಂದ ಹಾಗೆ, 2.2 ಅನ್ನುವುದು ಸರಾಸರಿ. ಪ್ರತಿ ಮ್ಯೂಆನ್ ಅಷ್ಟೊತ್ತಿಗೆ ಸರಿಯಾಗಿ ಸಾಯುತ್ತದೆ ಅಂತಲ್ಲ. 2.2 ಮೈಕ್ರೊಸೆಕೆಂಡ್ ಆದ ಮೇಲೂ ನೂರಕ್ಕೆ 37 ಉಳಿದಿರುತ್ತವೆ. "ಅರ್ಧಾಯುಷ್ಯ" ಬೇರೆ, ಅದು 1.5 ಮೈಕ್ರೊಸೆಕೆಂಡ್. ಪಿಯುಸಿ ಮಕ್ಕಳು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ಮೈಮೇಲೆ ಬಿದ್ದರೆ ತೊಂದರೆಯಾ? ಮನೆ ಮಾಡು ತಡೆಯುವುದಿಲ್ಲವಾ?

ಹಂಚಿನ ಮಾಡು ಬಿಡಿ, ಸ್ಲ್ಯಾಬೂ ತಡೆಯುವುದಿಲ್ಲ. ನೀರಿನಲ್ಲಿ ಒಂದು ಸೆಂಟಿಮೀಟರ್ ಹೋಗಲು ಮ್ಯೂಆನ್ ಖರ್ಚು ಮಾಡುವುದು ಸುಮಾರು 2 ಎಂಇವಿ. ನೆಲಕ್ಕೆ ಬರುವ ಮ್ಯೂಆನ್ ಹತ್ತಿರ ಸರಾಸರಿ 4,000 ಎಂಇವಿ ಇರುತ್ತದೆ. ನೀವೇ ಭಾಗಿಸಿ ನೋಡಿ, ಇಪ್ಪತ್ತು ಮೀಟರ್ ಆಳದ ಬಾವಿ ನೀರು ಬೇಕು. ಬಿಣಗಾ ಹತ್ತಿರದ ಹೆದ್ದಾರಿ ಸುರಂಗದೊಳಗೆ ಹೋದರೆ ಎಣಿಕೆ ಚೆನ್ನಾಗಿ ಇಳಿಯುತ್ತದೆ, ಸೊನ್ನೆ ಆಗುವುದಿಲ್ಲ.

ರಾತ್ರಿ ಎಂಟು ಗಂಟೆ ಮಲಗಿದರೆ ಇಪ್ಪತ್ತು ಮೂವತ್ತು ಲಕ್ಷ ಮ್ಯೂಆನ್ ನಿಮ್ಮೊಳಗಿಂದ ಹಾದು ಚಾಪೆ ದಾಟಿ ನೆಲಕ್ಕೆ ಹೋಗಿರುತ್ತವೆ. ನಮ್ಮ ಅಜ್ಜ ಮುತ್ತಜ್ಜಂದಿರ ಮೇಲೂ ಬಿದ್ದಿವೆ. ಮನುಷ್ಯ ಹುಟ್ಟುವ ಮೊದಲಿಂದ ಈ ಮಳೆ ಇದೆ. ವರ್ಷವಿಡೀ ನಮಗೆ ಪ್ರಕೃತಿಯಿಂದ ಸಿಗುವ ಒಟ್ಟು ವಿಕಿರಣದಲ್ಲಿ ಕಾಸ್ಮಿಕ್ ಪಾಲು ಸಣ್ಣದು. ಮಣ್ಣು, ಕಲ್ಲು, ಗಾಳಿಯಲ್ಲಿನ ರೇಡಾನ್ ಎಂಬ ವಿಕಿರಣ ಸೂಸುವ ಅನಿಲ, ಇವುಗಳದ್ದೇ ದೊಡ್ಡ ಪಾಲು.

ನಿಮ್ಮ ಡಬ್ಬಿಯೊಳಗೆ ಕಾಣುವುದು ನಿಜವಾಗಿ ಮ್ಯೂಆನಾ?

ಕಾಣುವುದು ಅದರ ಜಾಡು. ಡಬ್ಬಿಗೆ ಕ್ಲೌಡ್ ಚೇಂಬರ್ ಅನ್ನುತ್ತಾರೆ, ಮಕ್ಕಳ ಮುಂದೆ ನಾನು ಮಂಜಿನ ಡಬ್ಬಿ ಅನ್ನುತ್ತೇನೆ. ಮೇಲೆ ಸ್ಪಂಜಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಅಂಟಿಸುವುದು. ಕೆಳಗೆ ಕಪ್ಪು ಬಳಿದ ತಗಡು, ಅದರ ಅಡಿಗೆ ಡ್ರೈ ಐಸ್. ಆವಿ ಇಳಿದು ತಣ್ಣಗಾಗಿ ಹನಿ ಕಟ್ಟಲು ಒಂದು ನೆಪಕ್ಕೆ ಕಾಯುತ್ತಿರುತ್ತದೆ. ಮ್ಯೂಆನ್ ಹಾದುಹೋದ ದಾರಿಯೇ ಆ ನೆಪ. ಬೆಳ್ಳಗಿನ ಸಣ್ಣ ಎಳೆ ಮೂಡಿ, ತಗ್ಗಿ, ಮಾಯ. ಕುಮಟೆ ಕಡೆಯ ಒಬ್ಬಳು ಹುಡುಗಿ "ಶಾವಿಗೆ ಎಳೆ ಬಿದ್ದ ಹಾಗೆ" ಅಂದಳು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಉದ್ದಕ್ಕೆ, ತೆಳ್ಳಗೆ, ನೆಟ್ಟಗೆ ಇದ್ದರೆ ಹೆಚ್ಚಾಗಿ ಮ್ಯೂಆನ್. ಗಿಡ್ಡ, ದಪ್ಪ ಗೆರೆ ಆಲ್ಫಾ ಕಣ, ಗಾಳಿಯ ರೇಡಾನ್‌ನಿಂದ. ಸೊಟ್ಟಪಟ್ಟ ಓಡಿದರೆ ಮೆತ್ತಗಿನ ಎಲೆಕ್ಟ್ರಾನ್. "ಹೆಚ್ಚಾಗಿ" ಎಂದು ಯಾಕೆ ಅಂದೆ ಅಂದರೆ, ಒಂದು ಗೆರೆ ತೋರಿಸಿ ಇದು ಮ್ಯೂಆನೇ ಎಂದು ಆಣೆ ಮಾಡಲು ಈ ಡಬ್ಬಿಯಲ್ಲಿ ಆಗುವುದಿಲ್ಲ. ವೇಗದ ಎಲೆಕ್ಟ್ರಾನೂ ನೆಟ್ಟಗೇ ಹೋಗುತ್ತದೆ.

ಮೊದಲ ಸಲ ಮರ್ಯಾದೆ ಹೋಗಿದ್ದನ್ನೂ ಹೇಳಿಬಿಡುತ್ತೇನೆ. ಡ್ರೈ ಐಸ್ ಸಿಗಲಿಲ್ಲ. ಬೈತಖೋಲ ಬಂದರಿನಿಂದ ಮೀನಿಗೆ ಹಾಕುವ ಐಸ್ ತಂದು, ಹರಳುಪ್ಪು ಬೆರೆಸಿ, ಇದೇ ಸಾಕು ಅಂದುಕೊಂಡೆ. ಅರವತ್ತು ಮಕ್ಕಳು, ಕಿಟಕಿಗೆ ಗೋಣಿ ಕಟ್ಟಿ ಕತ್ತಲೆ, ಒಂದೂವರೆ ತಾಸು. ಕಂಡಿದ್ದು ಗಾಜಿನ ಮೇಲಿನ ಬೆವರು, ಮೂಗಿಗೆ ಬಂದದ್ದು ಬಂಗಡೆ ವಾಸನೆ. ಉಪ್ಪು ಹಾಕಿದ ಐಸ್ ಎಷ್ಟೇ ಮಾಡಿದರೂ ಸೊನ್ನೆಗಿಂತ 21 ಡಿಗ್ರಿ ಕೆಳಗೆ ಇಳಿಯುವುದಿಲ್ಲ. ಡ್ರೈ ಐಸ್ 78 ಡಿಗ್ರಿ ಕೆಳಗಿರುತ್ತದೆ. ಈಗ ಹುಬ್ಬಳ್ಳಿಯಿಂದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತರಿಸುತ್ತೇನೆ. ಅರಬೈಲು ಘಟ್ಟ ಇಳಿಯುವಷ್ಟರಲ್ಲಿ ಒಂದಿಷ್ಟು ಹಾರಿಹೋಗಿರುತ್ತದೆ. ಪೆಟ್ಟಿಗೆಯನ್ನು ಗಟ್ಟಿ ಮುಚ್ಚಬಾರದು, ಸಿಡಿಯುತ್ತದೆ. ಬರಿಗೈಯಲ್ಲಿ ಮುಟ್ಟಬಾರದು. ಕೋಣೆಯಲ್ಲಿ ಗಾಳಿ ಆಡುತ್ತಿರಬೇಕು.

ಮ್ಯೂಆನ್‌ನಿಂದ ಏನಾದರೂ ಉಪಯೋಗ ಇದೆಯಾ?

ಇದೆ. ದಪ್ಪ ವಸ್ತುಗಳ ಎಕ್ಸ್‌ರೇ. ನಮ್ಮ ಯಾಣದ ಭೈರವೇಶ್ವರ ಶಿಖರ ಇದೆಯಲ್ಲ, ಸುಮಾರು 120 ಮೀಟರಿನ ಕರಿಬಂಡೆ. ಅದರ ಒಳಗೆ ಎಲ್ಲಾದರೂ ಟೊಳ್ಳು ಇದೆಯಾ ಎಂದು ನೋಡಬೇಕು ಅಂದುಕೊಳ್ಳಿ. ಬುಡದಲ್ಲಿ ಮ್ಯೂಆನ್ ಎಣಿಸುವ ಹಲಗೆ ಇಟ್ಟು ತಿಂಗಳುಗಟ್ಟಲೆ ಕಾಯುವುದು. ಗಟ್ಟಿ ಬಂಡೆ ಇರುವ ದಿಕ್ಕಿನಿಂದ ಕಮ್ಮಿ ಬರುತ್ತವೆ, ಟೊಳ್ಳು ಇರುವ ದಿಕ್ಕಿನಿಂದ ಜಾಸ್ತಿ. ಯಾಣದ್ದು ನನ್ನ ಊಹೆಯ ಮಾತು. ಈಜಿಪ್ಟಿನಲ್ಲಿ ನಿಜವಾಗಿ ಮಾಡಿದ್ದಾರೆ. 2017ರಲ್ಲಿ ಖುಫು ಪಿರಮಿಡ್ಡಿನೊಳಗೆ ಕಡಿಮೆ ಅಂದರೂ 30 ಮೀಟರ್ ಉದ್ದದ ಟೊಳ್ಳು ಹೀಗೇ ಸಿಕ್ಕಿತು. ಒಂದು ಕಲ್ಲನ್ನೂ ಕದಲಿಸಲಿಲ್ಲ.

ಇನ್ನೊಂದು ನಮ್ಮ ಪಕ್ಕದ ಊಟಿಯದು. ಅಲ್ಲಿನ ಗ್ರೇಪ್ಸ್-3 ಕೇಂದ್ರದಲ್ಲಿ ಮ್ಯೂಆನ್ ಎಣಿಸುವ ದೊಡ್ಡ ದುರ್ಬೀನು ಇದೆ. 2014ರ ಡಿಸೆಂಬರ್ 1ರಂದು ಗುಡುಗಿನ ಮೋಡವೊಂದು ಮೇಲೆ ಹಾದುಹೋದಾಗ ಎಣಿಕೆ ಬದಲಾಯಿತು. ಆ ಬದಲಾವಣೆಯಿಂದ ಲೆಕ್ಕ ಹಾಕಿದರೆ ಮೋಡದೊಳಗೆ ಸುಮಾರು 130 ಕೋಟಿ ವೋಲ್ಟ್. ನಮ್ಮಲ್ಲಿ ಮೇ ತಿಂಗಳ ಕೊನೆಗೆ ಗುಡುಗು ಶುರುವಾಗಿ ಹೆಸ್ಕಾಂ ಕರೆಂಟ್ ಹೋದಾಗಲೆಲ್ಲ ನನಗೆ ಈ ಅಂಕಿ ನೆನಪಾಗುತ್ತದೆ.

ಕೋಲಾರದ ಚಿನ್ನದ ಗಣಿಗೂ ಮ್ಯೂಆನಿಗೂ ಏನೋ ಸಂಬಂಧ ಇದೆಯಂತೆ?

ಇದೆ. 1950ರ ದಶಕದ ಶುರುವಿನಲ್ಲಿ ನಂಜನಗೂಡು ಕಡೆಯ ಬಿ.ವಿ. ಶ್ರೀಕಂಠನ್ ಎಣಿಸುವ ಉಪಕರಣ ಹೊತ್ತು ಕೆಜಿಎಫ್ ಗಣಿಗೆ ಇಳಿದರು. ಆಳಕ್ಕೆ ಹೋದಂತೆ ಮ್ಯೂಆನ್ ಎಷ್ಟು ಕಮ್ಮಿಯಾಗುತ್ತದೆ ಎಂದು ಅಳೆಯುವ ಕೆಲಸ. ಮುಂದೆ ಇನ್ನೂ ಆಳಕ್ಕೆ ಹೋದಾಗ ಆಕಾಶದ ಮ್ಯೂಆನ್ ಬಹುತೇಕ ನಿಂತೇಹೋಗುತ್ತದೆ ಎಂದು ಗೊತ್ತಾಯಿತು. ಆ ಮೌನದಲ್ಲೂ ಅಡ್ಡಡ್ಡವಾಗಿ ಮ್ಯೂಆನ್ ಬಂದರೆ? ಅದು ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಬಡಿದು ಹುಟ್ಟಿದ್ದೇ ಇರಬೇಕು. 1965ರಲ್ಲಿ, 2 ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ ಅದು ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು ಜಗತ್ತಿಗೆ ಮೊದಲು ಸಿಕ್ಕ ಜಾಗಗಳಲ್ಲಿ ನಮ್ಮ ಕೋಲಾರ ಒಂದು. ಕೆಜಿಎಫ್ ಅಂದರೆ ಬರೀ ಸಿನಿಮಾ ನೆನೆಸಿಕೊಳ್ಳುವ ಹುಡುಗರಿಗೆ ಇದನ್ನು ಬೇಕಂತಲೇ ಹೇಳುತ್ತೇನೆ.

ಮ್ಯೂಆನಿಯಂ ಅಂದರೆ ಎರಡು ಮ್ಯೂಆನ್ ಸೇರಿದ್ದಾ?

ಹಾಗೆ ಅನ್ನಿಸುತ್ತದೆ, ಆದರೆ ಅಲ್ಲ. ಧನ ಮ್ಯೂಆನಿನ ಸುತ್ತ ಎಲೆಕ್ಟ್ರಾನ್ ಇದ್ದರೆ ಮ್ಯೂಆನಿಯಂ. ಮ್ಯೂಆನ್ ಮತ್ತು ಪ್ರತಿ-ಮ್ಯೂಆನ್ ಸೇರಿದ ಜೋಡಿಗೆ "ನಿಜವಾದ ಮ್ಯೂಆನಿಯಂ" ಎಂದು ಕರೆಯಬೇಕಾಗಿ ಬಂದಿದೆ. ಹೇಳಿದೆನಲ್ಲ, ಹೆಸರಿನ ಅದೃಷ್ಟ ಇಲ್ಲ.

ಪೇಪರಿನಲ್ಲಿ "ಮ್ಯೂಆನ್ ಜಿ ಮೈನಸ್ ಟು" ಅಂತ ಬಂದಿತ್ತು. ಏನದು?

ಮ್ಯೂಆನ್ ಒಂದು ಪುಟ್ಟ ಆಯಸ್ಕಾಂತ. ಅದರ ಬಲ ಸೂಚಿಸುವ ಸಂಖ್ಯೆ "ಜಿ", ಸರಳ ಲೆಕ್ಕದಲ್ಲಿ 2 ಇರಬೇಕು. ನಿಜದಲ್ಲಿ ಕೂದಲೆಳೆಯಷ್ಟು ಜಾಸ್ತಿ. ಆ ಜಾಸ್ತಿಯನ್ನು ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಅಳೆದರು, ಕೊನೆಯ ಫಲಿತಾಂಶ 2025ರ ಜೂನ್‌ನಲ್ಲಿ ಬಂತು. ಲೆಕ್ಕಕ್ಕೂ ಅಳತೆಗೂ ತಾಳೆ ಆಗುತ್ತಿಲ್ಲ, ಹೊಸ ಕಣ ಏನೋ ಇದೆ ಎಂದು 2021ರಲ್ಲಿ ಭಾರೀ ಸುದ್ದಿಯಾಗಿತ್ತು. ಆಮೇಲೆ ಲೆಕ್ಕವನ್ನೇ ಬೇರೆ ದಾರಿಯಲ್ಲಿ ಮಾಡಿದಾಗ ಅದು ಅಳತೆಯ ಹತ್ತಿರ ಬಂತು. ಈಗ ಆ ಗಲಾಟೆ ತಣ್ಣಗಾಗಿದೆ.

ಮೊಬೈಲಿನಲ್ಲಿ ಮ್ಯೂಆನ್ ಹಿಡಿಯಬಹುದಾ?

ಪ್ರಯತ್ನ ಮಾಡಬಹುದು. ಕ್ಯಾಮೆರಾ ಲೆನ್ಸಿಗೆ ಕಪ್ಪು ಇನ್ಸುಲೇಶನ್ ಟೇಪು ಎರಡು ಸುತ್ತು ಅಂಟಿಸಿ, ಸಾಧ್ಯವಾದಷ್ಟು ಉದ್ದ ಎಕ್ಸ್‌ಪೋಶರ್ ಇಟ್ಟು ಫೋಟೊ ತೆಗೆಯುತ್ತಾ ಹೋಗಿ. ಪೂರ್ತಿ ಕಪ್ಪು ಚಿತ್ರದಲ್ಲಿ ಎಲ್ಲಾದರೂ ಬಿಳಿ ಚುಕ್ಕೆಯೋ ಗೀರೋ ಕಂಡರೆ ಅದು ಮ್ಯೂಆನ್ ಇರಬಹುದು. ಒಳಗಿನ ಸೆನ್ಸರ್ ಕಾಲು ಚದರ ಸೆಂಟಿಮೀಟರ್ ಅಂದುಕೊಂಡರೆ ನಾಲ್ಕು ನಿಮಿಷಕ್ಕೆ ಒಂದು ಹಾದುಹೋಗುತ್ತದೆ, ಎಲ್ಲವೂ ಗುರುತು ಬಿಡುವುದಿಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ಚುಕ್ಕೆ ಸೆನ್ಸರಿನ ದೋಷ, ಅದನ್ನು ಬಿಡಿ.

ಮೊಬೈಲ್ ಬಿಸಿಯಾದರೆ ಸುಳ್ಳು ಚುಕ್ಕೆ ಜಾಸ್ತಿ. ಕಾರವಾರದ ಮೇ ತಿಂಗಳ ಮಧ್ಯಾಹ್ನ ಇದಕ್ಕೆ ಕೂರಬೇಡಿ. ಡಿಸೆಂಬರಿನಲ್ಲಿ ಶಿರಸಿಯ ಬೆಳಗಿನ ಜಾವ ಒಳ್ಳೆಯದು. ಸಿಕ್ಕ ಗೀರಿನ ಪಕ್ಕ ದಿನ, ಗಂಟೆ, ಊರು ಬರೆದಿಡಿ.